ಎಡಗೈಯ ಶುಭಾಶಯ

೧೧ ಜನವರಿ

ಅತ್ತಿಗೆಗೆ,

ಅಕ್ಷರ ನೋಡಿಯೇ ಯಾರದೆಂದು ನಿಮಗೆ ಗೊತ್ತಾಗಿರುತ್ತದೆ. ಇಷ್ಟು ವರ್ಷವಾದರೂ ನನ್ನ ಸಾಲುಗಳು ಬಲಕ್ಕೆ ಹೋಗುತ್ತಾ ಹೋಗುತ್ತಾ ಮೇಲಕ್ಕೆ ಹತ್ತುವುದನ್ನು ಬಿಟ್ಟಿಲ್ಲ.

ವಿಳಾಸ ಸಿಕ್ಕಿದ್ದು ಹೇಗೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅಣ್ಣನನ್ನು ಕೇಳಿ ಪಡೆದೆ ಅಂದುಕೊಳ್ಳುತ್ತೀರಿ. ನಾನೀಗ ಕನ್ನಡಕದ ಅಂಗಡಿಯಲ್ಲಿದ್ದೇನೆ. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವ ಕೆಲಸ. ಹೋದ ವಾರ ಒಬ್ಬ ಮೇಷ್ಟರು ಬಂದು ದಪ್ಪನೆಯ ನಿಘಂಟೊಂದನ್ನು ಕೌಂಟರಿನ ಮೇಲಿಟ್ಟರು. ಹೊಸದಾಗಿ ಬೈಂಡ್ ಮಾಡಿಸಿದ್ದು. ರಟ್ಟಿನ ಮೂಲೆಯಲ್ಲಿ ಬಟ್ಟೆಯನ್ನು ಲಕೋಟೆಯ ಹಾಗೆ ಮಡಚಿ ಒಳಗೆ ಸೇರಿಸಿದ್ದ ರೀತಿ ಕಂಡು ನಿಘಂಟನ್ನು ಕೈಗೆತ್ತಿಕೊಂಡೆ. ಹಾಗೆ ಮಡಚುವವರನ್ನು ನಾನು ಒಬ್ಬರನ್ನೇ ನೋಡಿರುವುದು. "ಎಲ್ಲಿ ಮಾಡಿಸಿದ್ರಿ ಸರ್ ಇದನ್ನ?" ಅಂದೆ. ಪಾಪ, ಅವರು ತಮ್ಮ ಕಣ್ಣಿನ ನಂಬರು ಹೇಳುವುದನ್ನು ಬಿಟ್ಟು ನಿಮ್ಮ ಅಂಗಡಿಯ ದಾರಿ ಹೇಳಿದರು.

ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳಿದರೆ ನನ್ನ ದನಿ ಹೊರಡುವುದಿಲ್ಲ, ಅದಕ್ಕೆ ಕಾಗದ.

ಅಮ್ಮನಿಗೆ ಲಕ್ವ ಹೊಡೆಯಿತು ಅತ್ತಿಗೆ. ಮೂರು ತಿಂಗಳಾಯಿತು. ಬಲಗೈ ಬಿದ್ದುಹೋಗಿದೆ, ಬಲಗಾಲು ಎಳೆಯುತ್ತದೆ. ಮಾತು ಮೊದಮೊದಲು ತೊದಲುತ್ತಿತ್ತು, ಈಗ ಸರಿಹೋಗಿದೆ. ಎಲ್ಲಕ್ಕಿಂತ ಮುಂಚೆ ಬೈಗುಳ ವಾಪಸು ಬಂತು. ವ್ಯಾಯಾಮ ಮಾಡಿಸಲು ಬರುವ ಹುಡುಗಿ ಎಡಗೈ ಪಳಗಲಿ ಎಂದು ಹಿಸುಕುವುದಕ್ಕೆ ರಬ್ಬರ್ ಚೆಂಡು ಕೊಟ್ಟಳು. ಅಮ್ಮ ಅದನ್ನು ಕಿಟಕಿಯಿಂದ ಆಚೆ ಎಸೆದು, "ನಾನೇನು ಎಳೇ ಮಗುನಾ?" ಎಂದರು. ಆ ಹುಡುಗಿ ಸೋತು, "ಏನಾದ್ರೂ ಕೈಕೆಲಸ ಇದ್ರೆ ಮಾಡಿಸಿ" ಎಂದು ಹೇಳಿ ಹೋದಳು. ಅಮ್ಮ ನನ್ನ ಕಡೆ ತಿರುಗಿ, "ಅಟ್ಟದ ಮೇಲೆ ಆ ಕಾಗದದ ಪೆಟ್ಟಿಗೆ ಇದೆಯಲ್ಲ, ಇಳಿಸು" ಅಂದರು.

ನಿಮ್ಮ ಪೆಟ್ಟಿಗೆ. ನೀವೂ ಅಣ್ಣನೂ ಬೇರೆಯಾದಾಗ ನೀವು ಬಿಟ್ಟುಹೋದದ್ದು. ಬಣ್ಣದ ಹಾಳೆ, ಅಂಕುಡೊಂಕು ಕತ್ತರಿ, ಪುಸ್ತಕದಲ್ಲಿಟ್ಟು ಒಣಗಿಸಿದ ಎಲೆಗಳು, ಎಲ್ಲ ಇಟ್ಟಲ್ಲೇ ಇದ್ದವು. ಈಗ ಅಮ್ಮ ದಿನಾ ಊಟದ ಮೇಜಿನ ಮೇಲೆ ಎಡಗೈಯಲ್ಲಿ ಗ್ರೀಟಿಂಗ್ ಕಾರ್ಡು ಮಾಡುತ್ತಾರೆ. ಆದರೆ ಅಂಗಡಿಯ ಟ್ಯೂಬಿನ ಅಂಟು ಹಚ್ಚಿದರೆ ಕಾಗದ ಒಣಗಿದ ಎಲೆಯ ಹಾಗೆ ಸುರುಟಿಕೊಳ್ಳುತ್ತದೆ. ನೀವು ಮನೆಯಲ್ಲೇ ಕಾಯಿಸುತ್ತಿದ್ದಿರಲ್ಲ, ಆ ಅಂಟು ಹೇಗೆ?

ಯಾವಾಗಲೂ ಬೆರಳು ಅಂಟಂಟು ಮಾಡಿಕೊಂಡಿರುತ್ತಿದ್ದ ನಾದಿನಿಗೆ ನೀವೇ ಇಟ್ಟ ಹೆಸರಿನಿಂದ ಮುಗಿಸುತ್ತೇನೆ.

ನಿಮ್ಮ
ಗೋಂದು


೨೯ ಜನವರಿ

ಗೋಂದು,

ಕಾಗದ ತಲುಪಿತು. ನಿನ್ನ ಅಮ್ಮನ ಸುದ್ದಿ ತಿಳಿದು ಬೇಸರವಾಯಿತು.

ಮೈದಾಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬಿಳಿ ಹೋಗಿ ಗಾಜಿನ ಹಾಗೆ ತಿಳಿಯಾದಾಗ ಇಳಿಸು. ಚಿಟಿಕೆ ಪಟಿಕ ಹಾಕಿದರೆ ಬೇಗ ಕೆಡುವುದಿಲ್ಲ. ಎರಡು ಹನಿ ಲವಂಗದ ಎಣ್ಣೆ ಬಿಟ್ಟರೆ ಹುಳ ಬರುವುದಿಲ್ಲ. ಹಚ್ಚಿದ ಮೇಲೆ ಭಾರದ ಪುಸ್ತಕದ ಕೆಳಗಿಡು. ಸುರುಟಿಕೊಳ್ಳುವುದು ಅಂಟಿನ ತಪ್ಪಷ್ಟೇ ಅಲ್ಲ, ನಿನ್ನ ಅವಸರದ ತಪ್ಪೂ ಹೌದು.

ನಾನು ಹೇಳಿಕೊಟ್ಟೆನೆಂದು ಅವರಿಗೆ ಹೇಳಬೇಡ.

ಇಲ್ಲಿ ಪರೀಕ್ಷೆಯ ಸಮಯ, ಬೈಂಡಿಂಗ್ ಕೆಲಸ ರಾಶಿ ಬಿದ್ದಿದೆ. ಇಷ್ಟೇ.

ಬೈಂಡಿಂಗ್ ಅಂಗಡಿಯ ಮಹಡಿಯಿಂದ


೧೨ ಫೆಬ್ರವರಿ

ಅತ್ತಿಗೆಗೆ,

ನೀವು ಹೇಳಬೇಡ ಅಂದಿರಿ. ನಾನು ಹೇಳಲಿಲ್ಲ. ಲವಂಗ ಹೇಳಿಬಿಟ್ಟಿತು.

ಅಂಟು ಕಾಯಿಸಿ ಬಟ್ಟಲನ್ನು ಮೇಜಿನ ಮೇಲಿಟ್ಟೆ, ಅಷ್ಟೇ. ಅಮ್ಮ ಮೂಗರಳಿಸಿ, "ಅವಳಿಗೆ ಬರೆದಿದ್ದೆಯಾ?" ಎಂದರು. ನಾನು ಬ್ರಷ್ಷು ತಂದುಕೊಟ್ಟೆ. ಅವರು ಬ್ರಷ್ಷನ್ನು ಅದ್ದಿ, ಒಂದು ಪಟ್ಟಿ ಅಂಟಿಸಿ, ಒತ್ತಿ, ಎತ್ತಿ ನೋಡಿ, "ಹೂಂ. ಇದು ಅಂಟು" ಎಂದರು. 

ಆ ವಾಸನೆಗೆ ನನಗೆ ಹಳೆಯದೆಲ್ಲ ನುಗ್ಗಿ ಬಂತು. ಪ್ರೆಸ್ಸಿನವರ ಮಗಳು ಮದುವೆಯಾಗಿ ಬರುತ್ತಾಳೆ ಎಂದರೆ ಒಡವೆಯೋ ಬಟ್ಟೆಯೋ ತರುತ್ತಾಳೆ ಅಂದುಕೊಂಡಿದ್ದೆವು. ನೀವು ತಂದದ್ದು ಒಂದು ಪೆಟ್ಟಿಗೆ ಕಾಗದದ ಚೂರು. ನಿಮ್ಮಪ್ಪನ ಪ್ರೆಸ್ಸಿನಲ್ಲಿ ಅಂಚು ಕತ್ತರಿಸಿ ಎಸೆದದ್ದನ್ನೆಲ್ಲ ಚಿಕ್ಕಂದಿನಿಂದ ಕೂಡಿಟ್ಟಿದ್ದಿರಿ. ನನಗೆ ಆಗ ಒಂಬತ್ತೋ ಹತ್ತೋ. ನೀವು ಬಂದ ಮೊದಲ ಭಾನುವಾರವೇ ನನ್ನನ್ನು ಎದುರು ಕೂರಿಸಿಕೊಂಡು, ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ, ಎಳೆಗುಂಟ ಮಡಚಿದರೆ ಮಾತು ಕೇಳುತ್ತದೆ, ಅಡ್ಡ ಮಡಚಿದರೆ ಒಡೆಯುತ್ತದೆ ಎಂದು ತೋರಿಸಿದಿರಿ. ಆಮೇಲೆ ಚಮಚದ ಬೆನ್ನಿನಿಂದ ಮಡಿಕೆ ತೀಡುವುದು ನನ್ನ ಕೆಲಸವಾಯಿತು. ನೀವು ಕತ್ತರಿಸುವುದು, ನಾನು ತೀಡುವುದು, ಪ್ರಾಸ ಕಟ್ಟುವುದು ಇಬ್ಬರೂ.

"ಮೇಣದಬತ್ತಿ ಎಣಿಸಬೇಡಿ, ಊದಿ ಸುಸ್ತಾದೀರಿ;
ವರ್ಷಕ್ಕೊಂದು ನಗು ಸಾಕು, ಹಾಗೇ ಉಳಿದೀರಿ."

ನಮ್ಮ ಕಾರ್ಡುಗಳನ್ನು ಮಾರುತ್ತಿದ್ದ ಬಸ್ ನಿಲ್ದಾಣದ ಸ್ಟೇಷನರಿ ಅಂಗಡಿಯವರು ಈಗಲೂ ಈ ಸಾಲನ್ನು ಬಾಯಿಪಾಠ ಹೇಳುತ್ತಾರೆ. ಮುದುಕರಾಗಿದ್ದಾರೆ, ಆದರೆ ಗಲ್ಲದ ಮೇಲೆ ಅದೇ ನಗು.

ಅಮ್ಮನ ಮೊದಲ ಕಾರ್ಡು ಹೇಗಿತ್ತೆಂದರೆ, ಹೂವು ಮಾಡಲು ಹೊರಟದ್ದು ಜೇಡವಾಯಿತು. "ಹುಟ್ಟುಹಬ್ಬಕ್ಕೆ ಜೇಡ ಕಳಿಸ್ತಾರಾ?" ಎಂದು ನಾನು ನಕ್ಕರೆ, "ಆಗದವರಿಗೆ ಕಳಿಸಿದ್ರಾಯ್ತು" ಎಂದರು. ಈಗ ಅವರಿಗೆ, ತೆರೆದರೆ ಒಳಗಿನಿಂದ ಮನೆ ಎದ್ದು ನಿಲ್ಲುವ ಕಾರ್ಡು ಬೇಕಂತೆ. ನನಗೆ ಮರೆತಿದೆ. ನಾನು ಗೆರೆ ಹಾಕಲು ಹೋದರೆ, "ನಿನಗೇನು ಗೊತ್ತು, ಅವಳನ್ನೇ ಕೇಳು" ಎನ್ನುತ್ತಾರೆ.

ಕೇಳುತ್ತಿದ್ದೇನೆ.

ನಿಮ್ಮ
ಗೋಂದು


೨ ಮಾರ್ಚ್

ಪ್ರೀತಿಯ ಗೋಂದು,

'ಅವಳನ್ನೇ ಕೇಳು' ಎಂಬ ಮಾತನ್ನು ಎಷ್ಟು ಸಲ ಓದಿದೆನೋ.

ಎದ್ದು ನಿಲ್ಲುವ ಮನೆಯ ಅಳತೆಗೆ ಒಂದು ಮಾದರಿಯನ್ನೇ ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಗುಟ್ಟೆಲ್ಲ ಇರುವುದು ಎರಡು ಸೀಳುಗಳಲ್ಲಿ. ಸೀಳುಗಳು ಒಂದೇ ಉದ್ದ ಇರಬೇಕು, ಒಂದು ಕೂದಲಿನಷ್ಟು ಹೆಚ್ಚುಕಡಿಮೆಯಾದರೂ ಮನೆ ಕುಡಿದವನ ಹಾಗೆ ವಾಲುತ್ತದೆ. ಎಡಗೈಯಲ್ಲಿ ಕತ್ತರಿಸುವವರಿಗೆ ನಮ್ಮ ಕತ್ತರಿ ಒಗ್ಗುವುದಿಲ್ಲ, ಅಲಗು ಗೆರೆಯನ್ನು ಮರೆಮಾಡುತ್ತದೆ. ಎಡಗೈಯವರಿಗೆಂದೇ ಮಾಡಿದ ಕತ್ತರಿ ಸಿಗುತ್ತದೆ. ನಮ್ಮ ಅಂಗಡಿಯ ಯಜಮಾನರಿಗೆ ಹೇಳಿ ತರಿಸಿದ್ದೇನೆ, ಬೇರೆ ಪೊಟ್ಟಣದಲ್ಲಿ ಬರುತ್ತದೆ. ಅಂಗಡಿಯಲ್ಲಿ ಕೊಂಡೆ ಎಂದು ಹೇಳು. ಅವರು ನಂಬುವುದಿಲ್ಲ, ಆದರೂ ಹೇಳು.

ನಿನಗೆ ನೆನಪಿದೆಯೋ ಇಲ್ಲವೋ, ಒಮ್ಮೆ ಎರಡು ಕಾರ್ಡುಗಳ ಒಳಹಾಳೆ ಅದಲುಬದಲಾಯಿತು. ನಿವೃತ್ತಿಯಾಗುತ್ತಿದ್ದ ಪೋಸ್ಟ್ ಮಾಸ್ಟರಿಗೆ 'ಇಂದಿನಿಂದ ಇಬ್ಬರಿಗೂ ಒಂದೇ ಹೊದಿಕೆ' ಎಂದು ಹೋಯಿತು. ಮದುವೆಯ ಹುಡುಗನಿಗೆ 'ಸಂಕೋಲೆ ಕಳಚಿತು, ಇನ್ನು ಮೇಲೆ ನೀವು ಸ್ವತಂತ್ರರು' ಎಂದು ಹೋಯಿತು. ಹುಡುಗಿಯ ಅಪ್ಪ ಕಾರ್ಡು ಹಿಡಿದುಕೊಂಡು ನಮ್ಮ ಮನೆಯ ಬಾಗಿಲಿಗೇ ಬಂದರು. ನಿನ್ನ ಅಮ್ಮ ಅವರನ್ನು ಸಮಾಧಾನ ಮಾಡಿ ಕಳಿಸಿ, ನಮ್ಮಿಬ್ಬರಿಗೂ ಚೆನ್ನಾಗಿ ಉಗಿದು, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಿಟ್ಟಿನಿಂದ ಎಂದು ನೀನು ಹೆದರಿ ಕೂತಿದ್ದೆ. ನಾನು ಕಿವಿಗೊಟ್ಟು ಕೇಳಿದೆ. ಒಳಗೆ ಅವರು ಬಿದ್ದು ಬಿದ್ದು ನಗುತ್ತಿದ್ದರು.

ನಾನು ಇಲ್ಲಿ ಒಬ್ಬಳೇ ಊಟ ಮಾಡುವಾಗ ಒಂದು ವಿಷಯ ನೆನಪಾಗುತ್ತದೆ. "ಮೇಜು ಖಾಲಿ ಮಾಡ್ತೀರೋ ಇಲ್ವೋ, ಮನೆ ತುಂಬಾ ಕಾಗದದ ಹೊಟ್ಟು!" ಎಂದು ಅವರು ದಿನಾ ಗದರುತ್ತಿದ್ದರು. ಗದರಿದ ಮೇಲೆ, ಒಣಗಲಿಟ್ಟ ಕಾರ್ಡುಗಳನ್ನು ಮುಟ್ಟದೆ, ತಾವೇ ನೆಲದ ಮೇಲೆ ತಟ್ಟೆಗಳನ್ನು ಹಾಕುತ್ತಿದ್ದರು. ವರ್ಷಗಟ್ಟಲೆ ನಾವೆಲ್ಲ ನೆಲದ ಮೇಲೆ ಕೂತು ಉಂಡದ್ದು ಆ ಕಾರ್ಡುಗಳಿಗಾಗಿ. ಆಗ ನನಗೆ ಬೈಗುಳ ಮಾತ್ರ ಕೇಳಿಸುತ್ತಿತ್ತು.

ನಾನು ಮನೆ ಬಿಟ್ಟ ದಿನ ಅವರು ಬಾಗಿಲವರೆಗೆ ಬರಲಿಲ್ಲ. ಅದನ್ನು ಈಗ ಯಾಕೆ ಬರೆದೆನೋ ಗೊತ್ತಿಲ್ಲ. ಬಿಡು.

ಅವರ ಕಾಲು ಹೇಗಿದೆ? ಮೆಟ್ಟಿಲು ಹತ್ತುತ್ತಾರೆಯೇ?

ಪ್ರೀತಿಯಿಂದ
ಅತ್ತಿಗೆ


೨೬ ಮಾರ್ಚ್

ಅತ್ತಿಗೆಗೆ,

ಕತ್ತರಿ ಬಂತು. 'ಅಂಗಡೀಲಿ ಕೊಂಡೆ' ಅಂದೆ. ಅಮ್ಮ ಪೊಟ್ಟಣದ ದಾರದ ಗಂಟನ್ನು ನೋಡಿ, "ಯಾವ ಅಂಗಡಿಯವನೂ ಇಷ್ಟು ಚೆನ್ನಾಗಿ ಕಟ್ಟಲ್ಲ" ಎಂದರು. ಕತ್ತರಿ ಅವರ ಕೈಗೆ ಎಷ್ಟು ಒಗ್ಗಿದೆಯೆಂದರೆ, ರಾತ್ರಿ ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾರೆ. ನಾಲ್ಕು ಮೆಟ್ಟಿಲು ಹತ್ತುತ್ತಾರೆ, ಐದನೆಯದಕ್ಕೆ ನಿಂತು ನನ್ನನ್ನು ಬೈಯುತ್ತಾರೆ.

ಮನೆ ಎದ್ದು ನಿಂತಿತು! ಸ್ವಲ್ಪ ಕುಡಿದಿದೆ, ಆದರೂ ನಿಂತಿದೆ. ಸ್ಟೇಷನರಿಯವರು ಒಂದು ಡಜನ್ ತೆಗೆದುಕೊಂಡು ಹೋಗಿ ಗಾಜಿನ ಕಪಾಟಿನಲ್ಲಿ ಇಟ್ಟಿದ್ದಾರೆ. ಈ ಕಾಲದಲ್ಲಿ ಕಾರ್ಡು ಯಾರು ಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಜನ ಕೊಳ್ಳುತ್ತಾರೆ ಅತ್ತಿಗೆ. ವಾಲಿದ ಮನೆ ನೋಡಿ ನಗುತ್ತಾರೆ, ಆಮೇಲೆ ಎರಡು ಕೊಳ್ಳುತ್ತಾರೆ.

ಹೋದ ವಾರ ಅಣ್ಣ ಹೆಂಡತಿ ಮಗಳ ಜೊತೆ ಬಂದಿದ್ದ. ಮಗಳಿಗೆ ಆರು ವರ್ಷ ತುಂಬಿತು. ಅಮ್ಮ ಅವಳಿಗೊಂದು ಕಾರ್ಡು ಮಾಡಿಕೊಟ್ಟರು, ಅವಳು ಅದನ್ನು ಗಂಟೆಗಟ್ಟಲೆ ತೆರೆದು ಮುಚ್ಚಿ ಆಡಿದಳು. ಅವಳ ತಾಯಿ ಒಳ್ಳೆಯವಳು. ಇದನ್ನು ನಿಮಗೆ ಹೇಳಬಹುದೋ ಬಾರದೋ. ಅಣ್ಣ ಒಳಗೆ ಬಂದವನು ಅಂಟಿನ ವಾಸನೆಗೆ ಬಾಗಿಲಲ್ಲೇ ನಿಂತುಬಿಟ್ಟ. ಮೇಜಿನ ಮೇಲಿನದನ್ನೆಲ್ಲ ನೋಡಿದ. ಆಮೇಲೆ, "ಕಾರು ಸರಿಯಾಗಿ ನಿಲ್ಲಿಸಿ ಬರ್ತೀನಿ" ಎಂದು ಹೊರಗೆ ಹೋದ. ಕಾರು ಸರಿಯಾಗಿಯೇ ನಿಂತಿತ್ತು. ಬಹಳ ಹೊತ್ತು ಬರಲಿಲ್ಲ.

ಅಮ್ಮ ಅವನ ಹಿಂದೆ ನನ್ನನ್ನು ಕಳಿಸಲಿಲ್ಲ.

ನಿಮ್ಮ
ಗೋಂದು


೧೯ ಏಪ್ರಿಲ್

ಪ್ರೀತಿಯ ಗೋಂದು,

ಮಗು ಚೆನ್ನಾಗಿರಲಿ. ಅವಳ ತಾಯಿಯೂ. ಹೇಳಬಾರದ್ದೇನೂ ಹೇಳಿಲ್ಲ ನೀನು. ನಿನ್ನ ಅಣ್ಣ ಕೆಟ್ಟವರಾಗಿರಲಿಲ್ಲ, ನಾನೂ ಕೆಟ್ಟವಳಾಗಿರಲಿಲ್ಲ. ಮನೆಯಲ್ಲಿ ಒಂದು ಮಗು ಆಗಬೇಕಿತ್ತು, ಆಗಲಿಲ್ಲ. ಆಮೇಲೆ ನಮ್ಮಿಬ್ಬರಿಗೂ ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಯಿತು. ಇಷ್ಟೇ ಕಥೆ.

ಈಗ ನನ್ನ ಸುದ್ದಿ ಹೇಳಬೇಕು. ಪೆನ್ನು ಹಿಡಿದು ಕೂತು, ಎದ್ದು, ಮತ್ತೆ ಕೂತಿದ್ದೇನೆ.

ನಮ್ಮ ಅಂಗಡಿಯ ಕೆಳಗೆ ಬೀಗ ರಿಪೇರಿ ಮಾಡುವವರೊಬ್ಬರಿದ್ದಾರೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಒಂದು ದಿನ ನಾನು ಕೀಲಿ ಒಳಗೇ ಬಿಟ್ಟು ಕೋಣೆಯ ಬಾಗಿಲು ಎಳೆದುಕೊಂಡೆ. ಅವರು ಬಂದು ಒಂದು ತಂತಿ ಹಾಕಿ ತೆಗೆದರು. ಬಾಗಿಲು ತೆರೆದುಕೊಂಡ ತಕ್ಷಣ, ಒಳಗೆ ಇಣುಕದೆ, ಮುಖ ತಿರುಗಿಸಿ ಪಕ್ಕಕ್ಕೆ ಸರಿದು ನಿಂತರು. ಎಷ್ಟೋ ಜನರ ಮನೆ ತೆರೆದು ಬಂದ ಅಭ್ಯಾಸ ಇರಬೇಕು. ನನಗೆ ಆ ನಿಂತ ರೀತಿ ಹಿಡಿಸಿತು. ಅಲ್ಲಿಂದ ಶುರುವಾಗಿ, ಈಗ ಮದುವೆಯಾಗೋಣ ಎನ್ನುವಲ್ಲಿಗೆ ಬಂದಿದೆ. ಈ ವಯಸ್ಸಿನಲ್ಲಿ ಇದೇನು ಎಂದು ನಗಬೇಡ. ನಕ್ಕರೂ ಪರವಾಗಿಲ್ಲ.

ನನ್ನ ಕಡೆಯಿಂದ ಹೇಳಿಕೊಳ್ಳುವವರು ಯಾರೂ ಇಲ್ಲ. ಅಪ್ಪ ಹೋದರು, ಪ್ರೆಸ್ಸೂ ಹೋಯಿತು. ನಿನಗೊಬ್ಬಳಿಗೆ ಬರೆಯುತ್ತಿದ್ದೇನೆ. ಅವರಿಗೆ ಹೇಳಬೇಕೋ ಬೇಡವೋ ನೀನೇ ಯೋಚಿಸು.

ಅತ್ತಿಗೆ


೪ ಮೇ

ಅತ್ತಿಗೆಗೆ,

ನಕ್ಕೆ. ಖುಷಿಗೆ ನಕ್ಕೆ. ಆಮೇಲೆ ಅತ್ತೂಬಿಟ್ಟೆ, ಅದೂ ಅದಕ್ಕೇ. ಬೀಗದವರ ಮನೆಗೆ ಮದುವೆಯಾಗಿ ಹೋದರೆ ಬೀಗರು ಯಾರೆಂದು ಕೇಳುವ ಹಾಗೇ ಇಲ್ಲ ಎಂದು ಅಂಗಡಿಯಲ್ಲಿ ಒಬ್ಬಳೇ ನಗುತ್ತಾ ಒಂದು ಗಾಜು ಒಡೆದೆ.

ಅಮ್ಮನಿಗೆ ಹೇಳಿದೆ. ಮುಚ್ಚಿಟ್ಟರೆ ನನ್ನ ಮುಖದಲ್ಲೇ ಓದಿಬಿಡುತ್ತಿದ್ದರು. ಅವರು ಕತ್ತರಿಸುತ್ತಿದ್ದವರು ನಿಲ್ಲಿಸಿದರು. "ಯಾರಂತೆ?" ಎಂದರು. ಹೇಳಿದೆ. "ಒಳ್ಳೆಯವನಂತಾ?" ಎಂದರು. ಒಳಗೆ ಇಣುಕದೆ ನಿಂತ ಕಥೆ ಹೇಳಿದೆ. ಕೇಳಿ, ಕತ್ತರಿ ಕೆಳಗಿಟ್ಟು, "ಅಂಟಿನ ಬಟ್ಟಲು ತೊಳೆದಿಡು. ಸಾಕು ಇವತ್ತಿಗೆ" ಎಂದರು.

ಅದಾಗಿ ಹತ್ತು ದಿನವಾಯಿತು. ಒಂದು ಕಾರ್ಡೂ ಮಾಡಿಲ್ಲ. ಪೆಟ್ಟಿಗೆ ಮುಚ್ಚಿದೆ. ಸ್ಟೇಷನರಿಯವರು ಕೇಳಿ ಕಳಿಸಿದರೆ ಕೈ ನೋವು ಎನ್ನುತ್ತಾರೆ. ಬೈಯುವುದನ್ನೂ ಬಿಟ್ಟಿದ್ದಾರೆ, ನನಗೆ ಅದೇ ಹೆದರಿಕೆ.

ಅವರ ಮನಸ್ಸಿನಲ್ಲಿ ಏನಿದೆಯೋ ನನಗೆ ತಿಳಿಯದು. ನಿಮಗೆ ಸುಳ್ಳು ಹೇಳಲಾರೆ.

ನಿಮ್ಮ
ಗೋಂದು


೩೦ ಮೇ

ಗೋಂದು,

ನೀನು ನಿಜ ಹೇಳಿದ್ದು ಒಳ್ಳೆಯದಾಯಿತು.

ಅವರನ್ನು ಏನೂ ಕೇಳಬೇಡ. ಅವರ ಮಗನ ಹೆಂಡತಿಯಾಗಿದ್ದವಳು ಇನ್ನೊಬ್ಬರನ್ನು ಮದುವೆಯಾಗುತ್ತಾಳೆ ಎಂದರೆ ಯಾವ ತಾಯಿಗಾದರೂ ಒಂಥರಾ ಆಗುತ್ತದೆ. ನಾನು ಬಯಸಬಾರದ್ದನ್ನು ಬಯಸುತ್ತಿದ್ದೆ ಅಂತ ಕಾಣುತ್ತದೆ.

ಜೂನ್ ಇಪ್ಪತ್ತೇಳಕ್ಕೆ ರಿಜಿಸ್ಟರ್ ಆಫೀಸಿನಲ್ಲಿ. ನಾಲ್ಕೇ ಜನ. ನನ್ನ ಕಡೆಯ ಸಾಕ್ಷಿಗೆ ಬೈಂಡಿಂಗ್ ಯಜಮಾನರು ಸಹಿ ಹಾಕುತ್ತಾರೆ. ನೀನು ಬಂದರೆ ಸಂತೋಷ. ಬರಲಾಗದಿದ್ದರೆ ಬೇಸರವಿಲ್ಲ.

ಅತ್ತಿಗೆ


೧೮ ಜೂನ್

ಅತ್ತಿಗೆಗೆ,

ನನ್ನ ಹಣೆಬರಹ ನೋಡಿ. ಅಂಗಡಿಗೆ ಗಾಜು ಕೊರೆಯುವ ಹೊಸ ಯಂತ್ರ ಬಂದಿದೆ, ಅದನ್ನು ಕಲಿಯಲು ಒಂದು ವಾರ ಪರ ಊರಿಗೆ ಕಳಿಸುತ್ತಿದ್ದಾರೆ. ಸರಿಯಾಗಿ ಆ ವಾರವೇ. ಬೇಡಿದೆ, ಕಣ್ಣೀರಿಟ್ಟೆ, ಕೇಳಲಿಲ್ಲ. ಪಕ್ಕದ ಮನೆಯ ಟೈಲರಮ್ಮ ಅಮ್ಮನ ಜೊತೆ ಇರುತ್ತಾರೆ.

ಮದುವೆಯ ದಿನ ಗೊತ್ತಾಗಲೆಂದು ಅಮ್ಮನಿಗೆ ಕೇಳಿಸುವಂತೆ, "ಇಪ್ಪತ್ತೇಳಕ್ಕೆ ನಾನು ಊರಲ್ಲಿರಲ್ಲ, ಅವತ್ತೇ ರಿಜಿಸ್ಟರ್ ಆಫೀಸಲ್ಲಿ ಅತ್ತಿಗೆ ಮದುವೆ, ಅದಕ್ಕೂ ಹೋಗೋಕಾಗಲ್ಲ" ಎಂದೆ. ಅಮ್ಮ ಕಿಟಕಿಯ ಆಚೆ ನೋಡುತ್ತಿದ್ದರು.

ಇಬ್ಬರೂ ಸುಖವಾಗಿರಿ. ಅಲ್ಲಿ ಇಲ್ಲದಿದ್ದರೂ ನಾನು ಅಲ್ಲೇ ಇರುತ್ತೇನೆ.

ನಿಮ್ಮ
ಗೋಂದು


೫ ಜುಲೈ

ಪ್ರೀತಿಯ ಗೋಂದು,

ನಿನ್ನ ಎರಡು ಸಾಲಿನ ಚೀಟಿ ಬಂತು. ಊರಿಂದ ಬಂದು ಕೇಳಿದರೆ ಅವರು "ಮದುವೆಗೆ ಹೋಗಿದ್ದೆ" ಎಂದಷ್ಟೇ ಹೇಳಿ ಮಗ್ಗುಲಾದರಂತೆ, ಟೈಲರಮ್ಮನೂ "ನಿಮ್ಮಮ್ಮನ್ನೇ ಕೇಳು" ಎಂದರಂತೆ. ನಾನು ಹೇಳುತ್ತೇನೆ ಕೇಳು.

ನಾವು ರಿಜಿಸ್ಟರ್ ಆಫೀಸಿನ ಬೆಂಚಿನ ಮೇಲೆ ಕೂತು ನಮ್ಮ ಸರದಿಗೆ ಕಾಯುತ್ತಿದ್ದೆವು. ಹೊರಗೆ ಒಂದು ಕಾರು ನಿಂತಿತು, ಟೈಲರಮ್ಮನ ತಮ್ಮನದಂತೆ. ಕಿಟಕಿಯಿಂದ ನೋಡುತ್ತೇನೆ, ಅತ್ತೆ ಇಳಿಯುತ್ತಿದ್ದಾರೆ. ಎಡಗೈಯಲ್ಲಿ ಕೋಲು, ಬಲಗಡೆ ಟೈಲರಮ್ಮ. ನಾನು ಕಿಟಕಿಯ ಸರಳು ಹಿಡಿದುಕೊಂಡೆ. ಇವರೇ, ಬೀಗದವರು, ಓಡಿಹೋಗಿ ಮೆಟ್ಟಿಲ ಬಳಿ ನಿಂತರು. ಹತ್ತಿಸಲೇ ಎಂದು ಕೈ ಮುಂದೆ ಮಾಡಿ, ಮುಟ್ಟಬಹುದೋ ಬಾರದೋ ಎಂದು ಹಿಂದೆ ತೆಗೆದುಕೊಂಡರು. ಅತ್ತೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನೀವೇನಾ?"

"ಹೌದಮ್ಮ."

"ಬೀಗ ರಿಪೇರಿ ಮಾಡ್ತೀರಂತೆ."

"ಹೌದಮ್ಮ."

"ನಮ್ಮನೆ ಹಿಂದಿನ ಬಾಗಿಲ ಬೀಗ ಕಚ್ಚಿಕೊಂಡು ಕೂತಿದೆ. ಬಂದಾಗ ನೋಡಿ."

ಬಂದಾಗ ಎಂದರು, ಗೋಂದು.

ಒಳಗೆ ಕರೆದರು. ಗುಮಾಸ್ತರು ತಲೆ ಎತ್ತದೆ, "ಹುಡುಗಿ ಕಡೆ ಸಾಕ್ಷಿ ಯಾರು?" ಎಂದು ಕೇಳಿದರು. ಅಂಗಡಿಯ ಯಜಮಾನರು ಜೇಬಿನಿಂದ ಪೆನ್ನು ತೆಗೆಯುವಷ್ಟರಲ್ಲಿ ಅತ್ತೆ, "ನಾನು" ಎಂದರು.

"ನೀವು ಹುಡುಗಿಗೆ ಏನಾಗಬೇಕು?"

"ಅತ್ತೆ."

ಗುಮಾಸ್ತರು ಇವರ ಮುಖ ನೋಡಿ, "ಓ, ಹುಡುಗನ ತಾಯಿನಾ?" ಎಂದರು.

"ಅಲ್ಲ."

"ಮತ್ತೆ ಅತ್ತೆ ಹೇಗಾಗ್ತೀರಮ್ಮ? ತಂದೆಯ ಅಕ್ಕನೋ ತಂಗಿಯೋ?"

"ಅದೂ ಅಲ್ಲ. ಮೊದಲಿನ ಅತ್ತೆ."

ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುಮಾಸ್ತರು ಪೆನ್ನಿನ ಹಿಂಬದಿಯಿಂದ ಹಣೆ ಕೆರೆದುಕೊಂಡು, "ಹಾಗೆಲ್ಲ ಬರೆಯೋಕೆ ಬರಲ್ಲಮ್ಮ" ಎಂದರು. ಅತ್ತೆ ಕೋಲನ್ನು ಮೇಜಿಗೆ ಒರಗಿಸಿ ಕುರ್ಚಿಯಲ್ಲಿ ಕೂತರು. "ಬರಲ್ವಾ? ಹಾಗಾದ್ರೆ ತಾಯಿ ಅಂತ ಬರ್ಕೊಳ್ಳಿ. ಅದು ಬರುತ್ತಲ್ಲ?"

ಬರೆದುಕೊಂಡರು. ಅತ್ತೆ ಸಹಿ ಹಾಕಿದರು. ನಿಧಾನವಾಯಿತು, ಯಾರೂ ಅವಸರ ಮಾಡಲಿಲ್ಲ.

ಹೊರಗೆ ಬಂದ ಮೇಲೆ ಇವರೂ ಅಂಗಡಿಯ ಯಜಮಾನರೂ ಟೈಲರಮ್ಮನೂ ಊಟದ ವ್ಯವಸ್ಥೆ ನೋಡಲು ಹೋದರು. ನಾನೂ ಅತ್ತೆಯೂ ಇಬ್ಬರೇ ಬೆಂಚಿನ ಮೇಲೆ ಕೂತೆವು.  ಅವರು ಚೀಲದಿಂದ ಒಂದು ಕಾರ್ಡು ತೆಗೆದು ನನ್ನ ತೊಡೆಯ ಮೇಲಿಟ್ಟರು. ಬಿಳಿಯ ಹಾಳೆ, ಮೇಲೆ ನೀಲಿಯದೊಂದು ಹಳದಿಯದೊಂದು ಪಟ್ಟಿ, ನಡುವೆ ಒಂದು ಒಣಗಿದ ಎಲೆ. ಅಂಚು ನೆಟ್ಟಗಿರಲಿಲ್ಲ. ನೀನು ಅಂಗಡಿಗೆ ಹೋದ ಮೇಲೆ ಮಾಡಿದ್ದಂತೆ, ನಿನಗೆ ಗೊತ್ತಾಗಬಾರದೆಂದು. ಎಷ್ಟೋ ಹಾಳಾಗಿ ಇದೊಂದು ಉಳಿಯಿತಂತೆ.

ತೆರೆದೆ. ಒಳಗೆ ಒಂದಕ್ಷರವೂ ಇರಲಿಲ್ಲ.

ನಾನು ಮುಖ ನೋಡಿದೆ. ಅತ್ತೆ ರಸ್ತೆಯ ಕಡೆ ನೋಡುತ್ತಾ ಹೇಳಿದರು:

"ಏನಾದ್ರೂ ಬರೀಬೇಕು ಅಂತ ದಿನಾ ಕೂತ್ಕೊಂಡೆ ಕಣೆ. ನಿಮ್ಮಿಬ್ಬರಿಗೆ ಅದೆಲ್ಲಿಂದ ಮಾತು ಬರ್ತಿತ್ತೋ. ನನಗೆ ಒಂದೂ ಸಿಗಲಿಲ್ಲ. ಅದಕ್ಕೇ ಬಂದುಬಿಟ್ಟೆ."

ನಿನ್ನ
ಅತ್ತಿಗೆ